ಸಾಹೇಬರು ಉಂಡಿರಲಿಲ್ಲ

ದೇವರ ಮನೆಯ ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿಕೊಂಡು ಹಿತ್ತಿಲಲ್ಲಿ ತಿಕ್ಕುತ್ತಾ ಕುಳಿತಿದ್ದೆ. ಗುರುವಾರದ ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಬೇಲಿಯ ಆಚೆಯಿಂದಲೇ ರೂಪಾ ಕೂಗುತ್ತಾ ಬಂದಳು. ಪಕ್ಕದ ಮನೆಯ ಸೊಸೆ. ಎಸ್ಟೇಟಿನ ಕೆಳಗಿನ ಲೈನಿನ ಅಂಗನವಾಡಿಗೆ ಈಚೆಗಷ್ಟೇ ಸೇರಿದ್ದಾಳೆ. ನಾನು ಅದೇ ಕೆಲಸ ಮಾಡಿ ನಿವೃತ್ತಳಾದವಳು ಎಂದು ಏನಿದ್ದರೂ ಮೊದಲು ನನ್ನ ಹತ್ತಿರ ಬರುತ್ತಾಳೆ.

"ಟೀಚರಮ್ಮ, ಬುಧವಾರ ಮೀಟಿಂಗ್ ಅಂತೆ. ಸಾಹೇಬ್ರೇ ಬರ್ತಾರಂತೆ!"

"ಎಂಥದ್ದಕ್ಕೆ ಮಾರಾಯ್ತಿ?"

"ನಮ್ಮ ಸೆಂಟರನ್ನ ರೋಡಿನ ಸೆಂಟರಿಗೆ ಸೇರ್ಸೋದಂತೆ. ಮಕ್ಕಳು ಕಮ್ಮಿ ಅಂತ. ಅದಕ್ಕೆ ಜನರ ಅಭಿಪ್ರಾಯ ಕೇಳ್ತಾರಂತೆ. ನಿಮಗೆ ಸ್ವಾಗತದ ಹಾಡು ಬರ್ತದಲ್ಲ, ನಂಗೊಂದು ಹೇಳ್ಕೊಡಿ."

ನಾನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹುಣಸೆಹಣ್ಣು ಒಣಗಿ ಹಿತ್ತಾಳೆಯ ಮೇಲೆ ಕಲೆ ಉಳಿಯುತ್ತದೆ. ಹಾಡು ಹೇಳಿಕೊಡಲಿಲ್ಲ. ಬೇರೆ ಒಂದು ವಿಷಯ ಹೇಳಿದೆ. ಅವಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಅವಳ ಮನೆಯಲ್ಲಿ ಹಾಲು ಒಲೆಯ ಮೇಲಿತ್ತು. ಅದಕ್ಕೇ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ, ಈ ಕೆಲಸಕ್ಕೆ ಬರುವ ಅವಳಂಥ ಹೆಣ್ಣುಮಕ್ಕಳು ಓದಲಿ ಎಂದು. ಓದಿದರೆ ಏನಾದರೂ ಆದೀತೆಂಬ ಭರವಸೆ ನನಗೆ ಹೆಚ್ಚೇನೂ ಇಲ್ಲ.

ನಮ್ಮದು ಪೂಜೆ ಮಾಡಿಕೊಂಡು ಬಂದ ಮನೆ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದರು, ಮನೆಗೆಲಸ ಮುಗಿಸಿದ ಮೇಲೂ ನನಗೆ ಹಗಲು ಉಳಿಯುತ್ತಿತ್ತು. ಬಣಕಲ್ ಕಡೆಯ ಇದೇ ಎಸ್ಟೇಟಿನಲ್ಲಿ, ಗುಡ್ಡದ ಮೇಲಿನ ಲೈನಿಗೆ ಅಂಗನವಾಡಿ ಮಂಜೂರಾಯಿತು. ಲೈನು ಎಂದರೆ ತೋಟದ ಆಳುಗಳ ಸಾಲುಮನೆಗಳು. ನಾನು ಸೇರುತ್ತೇನೆ ಎಂದಾಗ ಅತ್ತೆ ಕೇಳಿದ್ದು ಒಂದೇ ಮಾತು.

"ಲೈನಿನ ಮಕ್ಕಳ ಮೂಗು ಒರ್ಸಿ ಬಂದು ಅದೇ ಕೈಯಲ್ಲಿ ದೇವ್ರಿಗೆ ಹೂ ಏರ್ಸ್ತೀಯೇನೇ?"

ನಮ್ಮ ಮನೆಯವರು ಜನಿವಾರ ಸರಿಮಾಡಿಕೊಳ್ಳುತ್ತಾ, "ದೇವ್ರಿಗೆ ನೆಗಡಿ ಆಗಲ್ಲ ಬಿಡಮ್ಮ" ಅಂದರು.

ಅತ್ತೆ ನಗಲಿಲ್ಲ. ದಿನವೂ ಬಂದ ಕೂಡಲೇ ಹಿತ್ತಿಲ ಬಚ್ಚಲಲ್ಲಿ ಮಿಂದೇ ಒಳಗೆ ಬರಬೇಕೆಂದು ಕಟ್ಟು ಮಾಡಿದರು. ಆದರೆ ನಾನು ಬರುವ ಹೊತ್ತಿಗೆ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟಿರುತ್ತಿದ್ದರು. ಅವರು ಹೋಗುವ ತನಕ ಒಂದು ದಿನವೂ ನಾನು ತಣ್ಣೀರು ಸುರಿದುಕೊಳ್ಳಲಿಲ್ಲ. ದೇವರು ಕೊಟ್ಟದ್ದರಲ್ಲಿ ಅದೂ ಒಂದು.

ಸೆಂಟರು ಎಂದರೆ ಹಿಂದೆ ಗೊಬ್ಬರದ ಮೂಟೆ ಇಡುತ್ತಿದ್ದ ಕೋಣೆ. ಎಷ್ಟು ಗುಡಿಸಿ ಸಾರಿಸಿದರೂ ಮಳೆಗಾಲದಲ್ಲಿ ಗೋಡೆಯಿಂದ ಯೂರಿಯಾ ವಾಸನೆ ಏಳುತ್ತಿತ್ತು. ಬೆಳಗ್ಗೆ ತಾಯಂದಿರು ಮೇಸ್ತ್ರಿಯ ಹಿಂದೆ ತೋಟಕ್ಕೆ ಇಳಿಯುವ ಮೊದಲು ಮಕ್ಕಳನ್ನು ತಂದು ಬಿಡುತ್ತಿದ್ದರು. ಮೂರು ತುಂಬಿದ ಮಕ್ಕಳು ಮಾತ್ರ ಎಂದು ನಿಯಮ. ಅದಕ್ಕಿಂತ ಸಣ್ಣವನ್ನು ಎಲ್ಲಿಗೆ ಕಳಿಸುವುದು? ಜಂತಿಗೆ ಹಳೆಯ ಸೀರೆ ಕಟ್ಟಿ ತೊಟ್ಟಿಲು ಮಾಡಿ ಅವನ್ನೂ ಮಲಗಿಸಿಕೊಳ್ಳುತ್ತಿದ್ದೆ.

ಹೊಸಬರಿಗೆ ತೂಕದ ವಿಷಯ ಹೇಳಬೇಕು. ಆಗ ಈಗಿನ ಹಾಗೆ ನೆಲದ ಮೇಲಿನ ಯಂತ್ರ ಇರಲಿಲ್ಲ. ತಕ್ಕಡಿಯನ್ನು ತೊಲೆಗೆ ನೇತುಹಾಕಿ, ಅದರ ಕೊಕ್ಕೆಗೆ ಮಗುವನ್ನು ಚಡ್ಡಿಯಂಥ ಚೀಲದಲ್ಲಿ ಕೂರಿಸಿ ತೂಗುವುದು. ಮೊದಲ ತಿಂಗಳು ನಾನು ಒಂದು ಮಗುವಿನ ತೂಕವನ್ನು ಗಟ್ಟಿಯಾಗಿ ಓದಿಬಿಟ್ಟೆ. ಅದರ ತಾಯಿ ಮಗುವನ್ನು ಕಿತ್ತುಕೊಂಡು ಹೋದವಳು ಮತ್ತೆ ತಿರುಗಿ ನೋಡಲಿಲ್ಲ. ಮಗುವಿನ ತೂಕ ನಾಲ್ಕು ಜನರ ಕಿವಿಗೆ ಬಿದ್ದರೆ ದೃಷ್ಟಿಯಾಗುತ್ತದಂತೆ. ಆಮೇಲೆ ಉಪಾಯ ಕಂಡುಕೊಂಡೆ. ಮೊದಲು ಕಾಡಿಗೆಯ ಬೊಟ್ಟು ಇಡುವುದು, ತೂಗುವುದು, ಬಾಯಿಬಿಡದೆ ಬರೆದುಕೊಳ್ಳುವುದು, "ಏನಿದು, ಗಾಳಿಗೆ ಹಾರಿಹೋಗೋ ಹಾಗಿದ್ಯಲ್ಲೋ!" ಎಂದು ಬೈಯುವುದು. ತಾಯಿಗೆ ಸಮಾಧಾನ. ನನ್ನ ಜನ ಒಳ್ಳೆಯದನ್ನು ಗಟ್ಟಿಯಾಗಿ ಹೇಳಲು ಹೆದರುವವರು ಎಂದು ಆಗ ತಿಳಿಯಿತು. ಕೆಟ್ಟದ್ದನ್ನೂ ಗಟ್ಟಿಯಾಗಿ ಹೇಳಲಾರರು ಎಂದು ತಿಳಿದದ್ದು ಆಮೇಲೆ, ಪುಡಿಯ ವಿಷಯದಲ್ಲಿ.

ಮೊದಲು ನಾವು ಗೋಧಿರವೆ ತಂದು ಉಪ್ಪಿಟ್ಟು ಮಾಡಿ ಬಡಿಸುತ್ತಿದ್ದೆವು. ಆಮೇಲೆ ಮೇಲಿನಿಂದ ಆದೇಶ ಬಂತು, ಒಲೆ ಹಚ್ಚುವುದು ಬೇಡ, ಮೂಟೆಯಲ್ಲಿ ಪುಡಿ ಬರುತ್ತದೆ, ಬಿಸಿನೀರಲ್ಲಿ ಕಲಸಿಕೊಡಿ ಎಂದು. ಬಣ್ಣ ಮಣ್ಣಿನದು, ರುಚಿಯೂ ಹೆಚ್ಚು ಕಡಿಮೆ ಅದೇ. ಮಕ್ಕಳು ಬಾಯಿಗಿಟ್ಟು ಉಗುಳಿದವು. ನಾನು ಬೆಲ್ಲ ಹಾಕಿದೆ, ಉಂಡೆ ಕಟ್ಟಿದೆ, ಬಾಳೆಲೆಯಲ್ಲಿ ಕಡುಬು ಬೇಯಿಸಿದೆ. ಉಗುಳಿದವು. ತಾಯಂದಿರು ತಮ್ಮ ಪಾಲನ್ನು ಮನೆಗೆ ಒಯ್ದು ಕೋಳಿಗೆ ಹಾಕಿದರು. ಆ ವರ್ಷ ಮೇಲಿನ ಲೈನಿನಲ್ಲಿ ತೂಕ ಏರಿದ್ದು ಕೋಳಿಗಳದ್ದು ಮಾತ್ರ.

ಸೂಪರ್‌ವೈಸರ್ ಮೇಡಂ ತಪಾಸಣೆಗೆ ಬಂದರು. ತಾಯಂದಿರನ್ನು ಸಾಲಾಗಿ ಕೂರಿಸಿ ಕೇಳಿದರು, "ಪುಡಿ ಹೇಗಿದೆ?"

"ಚೆನ್ನಾಗಿದೆ ಮೇಡಂ."

"ಮಕ್ಕಳು ತಿಂತಾವಾ?"

"ತಿಂತಾವೆ ಮೇಡಂ."

ಆಗ ಬಾಗಿಲ ಹತ್ತಿರದಿಂದ ಒಂದು ದನಿ ಬಂತು. "ಸುಳ್ಳು ಮೇಡಂ. ನಮ್ಮನೆ ಹುಂಜ ತಿನ್ನೋದು."

ಅವಳು ಸುಮಿ. ಗಿರಿಜಾ ಎಂಬ ಆಳಿನ ಮಗಳು. ಪುಟ್ಟ ತಮ್ಮನನ್ನು ನನ್ನ ಸೀರೆ ತೊಟ್ಟಿಲಿಗೆ ಹಾಕಿ, ಗುಡ್ಡ ಇಳಿದು ರಸ್ತೆಯ ಪಕ್ಕದ ಶಾಲೆಗೆ ಹೋಗುತ್ತಿದ್ದ ಮೂರನೇ ಕ್ಲಾಸಿನ ಹುಡುಗಿ. ಬಾಯಿಗೆ ಬಾಗಿಲೇ ಇರಲಿಲ್ಲ. ನಾನು ಹಾಡಿನ ಸಾಲು ಮರೆತರೆ "ಟೀಚರ್, ನೀವು ಹಾರಿಸಿದ್ರಿ" ಅನ್ನುವಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವಳಪ್ಪನ ಹಾಜರಿ ತಪ್ಪಿ ಕೂಗಿದರೆ ಅವರಿಗೂ ಹೇಳುವಳು. ಗಿರಿಜಾ ಕೂತಲ್ಲಿಂದಲೇ ಕೈ ಚಾಚಿ ಅವಳ ತೊಡೆ ಹಿಂಡಿದಳು. ಮೇಡಂ ನಕ್ಕರು. "ತಮಾಷೆ ಹುಡುಗಿ" ಅಂದರು. ಪುಡಿ ಚೆನ್ನಾಗಿದೆ ಎಂದು ಬರೆದುಕೊಂಡು ಹೋದರು. ಮುಂದಿನ ಸಲ ಇನ್ನೂ ಒಂದು ಮೂಟೆ ಹೆಚ್ಚು ಬಂತು.

ಗಿರಿಜಾಳನ್ನು ಕೇಳಿದೆ, "ಯಾಕೆ ಹಾಗೆ ಹೇಳಿದ್ಯೇ?"

"ಅಷ್ಟು ದೂರದಿಂದ ಬಂದಿದಾರೆ ಟೀಚರ್. ಮುಖ ಮುರಿಯೋ ಹಾಗೆ ಹೇಗೆ ಹೇಳೋದು?"

ಇದನ್ನು ಹೇಡಿತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕಡೆಯ ನಡತೆಯೇ ಅದು. ಒಂದು ಸಲ ನಮ್ಮ ಮಾವ ಎಲೆಯ ಮುಂದೆ ಕುಳಿತಿದ್ದಾಗ ಅವರ ತಮ್ಮ ತೀರಿಹೋದ ಸುದ್ದಿ ತಂದು ಒಬ್ಬರು ಬಂದರು. ಅತ್ತೆ ಅಂಗಳಕ್ಕೆ ಓಡಿಹೋಗಿ ಅವರನ್ನು ತಡೆದು ಜಗಲಿಯ ಮೇಲೆ ಕೂರಿಸಿದರು. ಒಳಗೆ ಬಂದು ಏನೂ ಆಗದವರ ಹಾಗೆ ಸಾರು ಬಡಿಸಿದರು, ಮಜ್ಜಿಗೆ ಬಡಿಸಿದರು. ಮಾವ ಕೈ ತೊಳೆದು ಬಂದು ಎಲೆಯಡಿಕೆ ತಟ್ಟೆಗೆ ಕೈ ಹಾಕುವ ಮೊದಲು ಹೇಳಿದರು. ಉಣ್ಣುವವನಿಗೆ, ಉಣ್ಣಲು ಬಂದವನಿಗೆ, ಕಹಿ ಸುದ್ದಿ ಹೇಳಬಾರದು. ಅನ್ನಪೂರ್ಣೆಗೆ ಮಾಡುವ ಅವಮಾನ ಅದು. ಪೂಜೆಯ ಮನೆಯಾಗಲಿ, ಆಳಿನ ಮನೆಯಾಗಲಿ, ಈ ಒಂದು ವಿಷಯದಲ್ಲಿ ನಮ್ಮಲ್ಲಿ ಭೇದವಿರಲಿಲ್ಲ.

ಇಷ್ಟು ತಿಳಿದರೆ ಮುಂದಿನದು ತಿಳಿಯುತ್ತದೆ.

ಆಮೇಲೆ ಇನ್ನೊಂದು ಆದೇಶ ಬಂತು, ಈಗ ರೂಪಾಳಿಗೆ ಬಂದಂಥದ್ದೇ. ಮಕ್ಕಳು ಕಡಿಮೆ ಇರುವ ಸಣ್ಣ ಸೆಂಟರುಗಳನ್ನು ಮುಚ್ಚಿ ದೊಡ್ಡ ಸೆಂಟರಿಗೆ ಸೇರಿಸುವುದು. ನಮ್ಮ ಮೇಲಿನ ಲೈನಿನ ಮಕ್ಕಳು ಗುಡ್ಡವಿಳಿದು, ಹಳ್ಳ ದಾಟಿ, ಬಸ್ಸು ಲಾರಿ ಓಡುವ ರಸ್ತೆಯ ಆಚೆ ಹೋಗಬೇಕು. ನಡೆಯಲು ಬಾರದವು ಹೇಗೆ ಹೋಗಬೇಕು ಎಂದು ಆದೇಶದಲ್ಲಿ ಇರಲಿಲ್ಲ. ಜಾರಿಗೆ ತರುವ ಮೊದಲು ಇಲಾಖೆಯ ಸಾಹೇಬರೇ ಬಂದು ಜನರನ್ನು ಕೇಳುತ್ತಾರೆ ಎಂದು ಮೇಡಂ ಹೇಳಿ ಕಳಿಸಿದರು. ಜೊತೆಗೆ ನನಗೆ ಬೇರೆಯಾಗಿ ಒಂದು ಮಾತು: "ನೋಡಿ, ನೀವು ಇಲಾಖೆಯವರು. ನೀವು ಬಾಯಿಬಿಡೋ ಹಾಗಿಲ್ಲ. ಜನ ಬೇಕಾದ್ರೆ ಹೇಳ್ಲಿ."

ಜನ ಹೇಳಲಿ ಎಂದು ನಾನು ಲೈನಿನ ಮನೆಮನೆಗೆ ಹೋದೆ. ಎಲ್ಲರೂ ಒಪ್ಪಿದರು. ಗಿರಿಜಾ ಮಾತಾಡುವುದೆಂದು ಆಯಿತು, ಯಾಕೆಂದರೆ ಮುಚ್ಚಿದರೆ ಮೊದಲು ಏಟು ಬೀಳುವುದು ಅವಳ ಮನೆಗೆ. ಅವಳು ಕೆಲಸಕ್ಕೆ ಹೋದರೆ ಪುಟ್ಟನನ್ನು ನೋಡಿಕೊಳ್ಳಲು ಸುಮಿ ಶಾಲೆ ಬಿಡಬೇಕು. ಕಾಫಿ ಒಣಗಿಸುವ ಕಣದಲ್ಲಿ ನಿಂತು ಅವಳ ಕೈಲಿ ಮಾತು ಹೇಳಿಸಿ ನೋಡಿದೆ. ಮೊದಲು ತೊದಲಿದಳು, ಆಮೇಲೆ ಚೆಂದ ಹೇಳಿದಳು.

ದೇವಕಜ್ಜಿ ಎಂದು ಒಬ್ಬರಿದ್ದರು, ಮೇಸ್ತ್ರಿಯ ತಾಯಿ. ಲೈನಿನಲ್ಲಿ ಅವರ ಮಾತು ಮೀರುವವರಿಲ್ಲ. ಅವರು ಹೇಳಿದರು, "ಹೇಳು ಹೆಣ್ಣೇ, ಹೇಳ್ಬೇಕು. ಆದ್ರೆ ಬಂದ ಕೂಡ್ಲೇ ಮೇಲೆ ಬೀಳ್ಬೇಡ. ಪಾಯಸ ಉಂಡು ಏಳ್ಲಿ. ಹೊಟ್ಟೆ ತಣ್ಣಗಾದ ಮೇಲೆ ಹೇಳಿದ್ರೆ ಮನ್ಸೂ ಕರಗ್ತದೆ."

ಎಲ್ಲರಿಗೂ ಅದು ಸರಿಯೆನಿಸಿತು. ನನಗೂ.

ನಮ್ಮ ಮನೆಯ ದೊಡ್ಡ ಹಿತ್ತಾಳೆ ತಪ್ಪಲೆ ಗುಡ್ಡ ಹತ್ತಿತು. ಮನೆಮನೆಯಿಂದ ಅಕ್ಕಿ ಬಂತು, ಬೆಲ್ಲ ಬಂತು, ತೆಂಗಿನಕಾಯಿ ಬಂತು. ಬಾಗಿಲಿಗೆ ಮಾವಿನೆಲೆ ಕಟ್ಟಿದೆವು. ಸುಮಿ ಬೆಳಗ್ಗಿನಿಂದ ಸೌಟು ಹಿಡಿದು ತಿರುಗುತ್ತಾ, "ನಾನೂ ಹೇಳ್ತೀನಿ ಸಾಹೇಬ್ರಿಗೆ" ಎಂದು ಕುಣಿಯುತ್ತಿದ್ದಳು.

"ಈ ಗಿಳೀನ ಒಳಗೆ ಬಿಡ್ಬೇಡಿ" ಅಂದರು ದೇವಕಜ್ಜಿ. "ಪಾಯಸದ ಮೊದ್ಲೇ ಹಾಗಲಕಾಯಿ ಬಡಿಸ್ತಾಳೆ." ಎಲ್ಲರೂ ನಕ್ಕೆವು. ಅವಳನ್ನು ಮಕ್ಕಳ ಜೊತೆ ಹೊರಗೆ, ಕಣದ ಮೂಲೆಯಲ್ಲಿ ಕೂರಿಸಿದೆವು.

ಸಾಹೇಬರು ಕೆಟ್ಟವರಲ್ಲ. ಇದನ್ನು ನಾನು ದೇವರ ಮೇಲೆ ಆಣೆಯಿಟ್ಟು ಹೇಳಬಲ್ಲೆ. ಜೀಪು ಹತ್ತಲಾರದ ಏರಿನಲ್ಲಿ ಇಳಿದು ನಡೆದೇ ಬಂದರು. ಹಾಡು ಮುಗಿಯುವ ತನಕ ಕೈಮುಗಿದು ನಿಂತಿದ್ದರು. ಆದೇಶವನ್ನು ಬಿಡಿಸಿ ಹೇಳಿದರು. ದೊಡ್ಡ ಸೆಂಟರು, ಒಳ್ಳೆಯ ಕಟ್ಟಡ, ಆಟದ ಸಾಮಾನು. ಆಮೇಲೆ ಕೇಳಿದರು, "ಇದರಿಂದ ಯಾರಿಗಾದ್ರೂ ತೊಂದ್ರೆ ಇದ್ಯಾ? ಆಕ್ಷೇಪಣೆ ಇದ್ರೆ ಹೇಳಿ."

ಯಾರೂ ಮಾತಾಡಲಿಲ್ಲ. ಹೊರಗಿನ ಒಲೆಯಿಂದ ತುಪ್ಪದಲ್ಲಿ ಗೋಡಂಬಿ ಹುರಿಯುವ ವಾಸನೆ ಬರುತ್ತಿತ್ತು. ಗಿರಿಜಾ ದೇವಕಜ್ಜಿಯ ಮುಖ ನೋಡಿದಳು. ಅಜ್ಜಿ ಕಣ್ಣಲ್ಲೇ 'ತಡಿ' ಅಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ; ಪಕ್ಕದಲ್ಲಿ ಮೇಡಂ.

"ಸಂಕೋಚ ಬೇಡ, ಹೇಳಿ" ಎಂದು ಸಾಹೇಬರು ಮತ್ತೊಮ್ಮೆ ಕೇಳಿದರು. ತಾಯಂದಿರು ಸೆರಗು ಬಾಯಿಗೆ ಹಿಡಿದು ನಕ್ಕರು. ಮನೆಗೆ ಬಂದ ನೆಂಟರು 'ತೊಂದರೆ ಆಯ್ತಾ' ಎಂದು ಕೇಳಿದರೆ ನಗುವ ಹಾಗೆ.

"ಸಂತೋಷ" ಎಂದು ಸಾಹೇಬರು ಬರೆಸಿ ಸಹಿ ಹಾಕಿದರು. ಊಟಕ್ಕೆ ಎದ್ದರು.

ಚೆನ್ನಾಗಿ ಉಂಡರು. ಪಾಯಸವನ್ನು ಕೇಳಿ ಹಾಕಿಸಿಕೊಂಡರು. ಮೋಡ ಕಟ್ಟಿತ್ತು, ಡ್ರೈವರು ಕೆಳಗಿನಿಂದ ಹಾರ್ನ್ ಮಾಡುತ್ತಿದ್ದ. ಸಾಹೇಬರು ಕೈ ತೊಳೆಯಲು ಅಂಗಳಕ್ಕೆ ಬಂದಾಗ ಗಿರಿಜಾ ಚೊಂಬು ಹಿಡಿದು ನೀರು ಹಾಕಿದಳು. ಹಾಕುತ್ತಾ, ಕಣದಲ್ಲಿ ಕಲಿತದ್ದನ್ನು ಒಂದಕ್ಷರ ತಪ್ಪದೆ ಹೇಳಿದಳು. ಸಣ್ಣದು ನಡೆಯಲಾರದು, ಮಳೆಯಲ್ಲಿ ಹಳ್ಳ ದಾಟಲಾಗದು, ನಮ್ಮ ಹುಡುಗಿಯ ಓದು ನಿಲ್ಲುತ್ತದೆ, ದಯಮಾಡಿ ಮುಚ್ಚಬೇಡಿ ಎಂದು.

ಸಾಹೇಬರ ಕೈ ಒದ್ದೆಯಾಗಿ ಹಾಗೇ ನಿಂತಿತು. "ಅಯ್ಯೋ, ಇದನ್ನ ಒಳಗೇ ಹೇಳ್ಬೇಕಿತ್ತಲ್ಲಮ್ಮ! ಎರಡು ಸಲ ಕೇಳಿದ್ನಲ್ಲ?"

"ಆಗ ನೀವು ಉಂಡಿರ್ಲಿಲ್ಲ ಸಾರ್" ಅಂದಳು ಗಿರಿಜಾ.

ಅವರಿಗೆ ಅರ್ಥವಾಗಲಿಲ್ಲ. ಬಯಲುಸೀಮೆಯವರೋ ಏನೋ. ಅಥವಾ ಅರ್ಥವಾಗಿಯೂ ಏನು ಮಾಡಬೇಕೆಂದು ತೋಚಲಿಲ್ಲವೋ. ಮೇಡಂ ಕಡೆ ನೋಡಿದರು. "ಮೀಟಿಂಗ್ ಮುಗಿದು ಸಹಿ ಆಯ್ತಲ್ಲ ಸರ್" ಅಂದರು ಮೇಡಂ. ಸಾಹೇಬರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, "ನೋಡೋಣಮ್ಮ" ಅಂದರು. ಕಣದ ಮೂಲೆಯಲ್ಲಿ ಸುಮಿ ಎದ್ದು ನಿಂತಿದ್ದಳು. ಆ ಹುಡುಗಿ ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಸೆಂಟರು ಮುಚ್ಚಿತು. ನನ್ನನ್ನು ರಸ್ತೆಯ ಸೆಂಟರಿಗೆ ಹಾಕಿದರು. ಮೊದಮೊದಲು ಸುಮಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಂದು ನನ್ನಲ್ಲಿ ಬಿಟ್ಟು ಶಾಲೆಗೆ ಓಡುತ್ತಿದ್ದಳು. ತಲುಪುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತಿತ್ತು, ಹೊರಗೆ ನಿಲ್ಲಿಸುತ್ತಿದ್ದರು. ಮಳೆ ಹಿಡಿಯಿತು. ಒಂದು ದಿನ ಇಬ್ಬರೂ ತೊಯ್ದು ಬಂದರು. ನನ್ನ ಸೆರಗಿನಿಂದಲೇ ತಲೆ ಒರೆಸಿದೆ. ಮರುದಿನ ಮಗುವಿಗೆ ಜ್ವರ. ಆಮೇಲೆ ಅವರು ಬರಲಿಲ್ಲ. ದಿನವೂ ಎಸ್ಟೇಟು ರಸ್ತೆಯ ತಿರುವನ್ನು ನೋಡುತ್ತಿದ್ದೆ. ಮಗು ಉಳಿಯಿತು, ಅಷ್ಟು ಅಮ್ಮನವರ ದಯೆ. ಸುಮಿಯ ಶಾಲೆ ಉಳಿಯಲಿಲ್ಲ.

ಮಳೆ ಬಿಟ್ಟ ಮೇಲೆ ಗಿರಿಜಾಳನ್ನೂ ಇನ್ನೂ ಕೆಲವು ತಾಯಂದಿರನ್ನೂ ಕರೆದುಕೊಂಡು ನಾನೇ ಮೂಡಿಗೆರೆಯ ಇಲಾಖೆ ಆಫೀಸಿಗೆ ಹೋದೆ. ಆ ದಿನ ನಾನು ಇಲಾಖೆಯವಳು ಎಂಬುದನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆ. ಆ ಸಾಹೇಬರು ಇರಲಿಲ್ಲ, ಅಲ್ಲಿ ಕುಳಿತಿದ್ದ ಬೇರೊಬ್ಬರು ಹಳೆಯ ಫೈಲು ತೆಗೆಸಿದರು. "ಸಾರ್ವಜನಿಕರು ಸಂತೋಷದಿಂದ ಒಪ್ಪಿದ್ದಾರೆ ಅಂತ ಇದೆಯಲ್ಲಮ್ಮ. ಈಗ ಬಂದು ಅತ್ರೆ?"

"ಒಪ್ಪಿರಲಿಲ್ಲ ಸರ್. ಸುಮ್ಮನಿದ್ರು."

"ಎರಡೂ ಒಂದೇ" ಅಂದರು ಅವರು. ಗದರಿ ಹೇಳಿದ್ದಲ್ಲ. ನಮ್ಮನ್ನು ನೋಡಿ ಪಾಪ ಎನಿಸಿತ್ತು ಅವರಿಗೂ. ಕೆಲವು ದಿನಗಳಲ್ಲಿ ನನಗೆ ಒಂದು ನೋಟೀಸು ಬಂತು, ಮೇಲಧಿಕಾರಿಗಳ ಅನುಮತಿಯಿಲ್ಲದೆ ಜನರನ್ನು ಕೂಡಿಸಿದ್ದಕ್ಕೆ. ಕೆಲಸದಿಂದ ತೆಗೆಯಲಿಲ್ಲ. ಅದನ್ನೂ ದೇವರ ಲೆಕ್ಕಕ್ಕೇ ಹಾಕಿದ್ದೇನೆ.

'ಎರಡೂ ಒಂದೇ' ಎಂಬ ಆ ಮಾತನ್ನು ಈ ಕೆಲಸಕ್ಕೆ ಬರುವವರು ನೆನಪಿಡಬೇಕು. ಸರಕಾರಕ್ಕೆ ನಮ್ಮ ಮುಖ ಕಾಣುವುದಿಲ್ಲ. ಮನೆಯವರಿಗಾದರೆ ನಾವು ಸುಮ್ಮನಿದ್ದರೂ ಬೇಸರವೋ ಸಿಟ್ಟೋ ತಿಳಿಯುತ್ತದೆ, ದೇವರಿಗೂ ತಿಳಿಯುತ್ತದೆ. ಸರಕಾರಕ್ಕೆ ತಿಳಿಯುವುದಿಲ್ಲ, ತಿಳಿಯಬೇಕೆಂದೂ ಇಲ್ಲ. ಒಪ್ಪಿಗೆಯಿಲ್ಲದಿದ್ದರೆ ಇಲ್ಲ ಎಂದು, ಕೇಳಿದ ಹೊತ್ತಿಗೆ, ಕೇಳಿದ ಜಾಗದಲ್ಲೇ ಹೇಳಬೇಕು. ಕೇಳದಿದ್ದರೂ ಹೇಳಬೇಕು. ಹೇಳಿದರೆ ಗೆಲ್ಲುತ್ತೀರಿ ಎಂದು ನಾನು ಹೇಳಲಾರೆ. ಅಂದು ಗಿರಿಜಾ ಊಟಕ್ಕೆ ಮೊದಲೇ ಹೇಳಿದ್ದರೂ ಸೆಂಟರು ಮುಚ್ಚುತ್ತಿತ್ತೇನೋ. ಆದರೆ ನಾವು ಸಂತೋಷದಿಂದ ಒಪ್ಪಿದೆವು ಎಂಬ ಸುಳ್ಳಾದರೂ ಉಳಿಯುತ್ತಿರಲಿಲ್ಲ. ಒಂದು ಹುಡುಗಿಯ ಓದು ಹೋದದ್ದಕ್ಕಿಂತ, ಅದು ಅವಳ ಮನೆಯವರ ಸಂತೋಷದಿಂದಲೇ ಹೋಯಿತು ಎಂದಾದದ್ದು ನನಗೆ ಹೆಚ್ಚು ಸುಡುತ್ತದೆ.

ಪುಡಿ ಹೋಗಿ ಮತ್ತೆ ಬಿಸಿ ಅಡುಗೆ ಬಂತು, ತಕ್ಕಡಿ ಹೋಗಿ ಯಂತ್ರ ಬಂತು, ಮೇಡಂಗಳು ಬದಲಾದರು. ಪ್ರತಿ ಬದಲಾವಣೆಗೂ ಒಂದು ಮೀಟಿಂಗು, ಒಂದು ಹಾರ, ಒಂದು ಪಾಯಸ. ನಾನು ಪ್ರತಿ ಸಲವೂ ತಾಯಂದಿರಿಗೆ, "ಊಟಕ್ಕೆ ಮೊದ್ಲು ಹೇಳಿ" ಎಂದು ಕಿವಿಯಲ್ಲಿ ಉಸುರಿದೆ. ಪ್ರತಿ ಸಲವೂ ಅವರು ನನ್ನನ್ನು ಮರ್ಯಾದೆ ತಿಳಿಯದವಳ ಹಾಗೆ ನೋಡಿದರು.

ಸುಮಿ ದೊಡ್ಡವಳಾಗಿ ತಾಯಿಯ ಜೊತೆ ಕಾಫಿ ಕೊಯ್ಯಲು ಹೋದಳು. ಮದುವೆಯಾಗಿ ಕೆಳಗಿನ ಲೈನಿಗೆ ಬಂದಳು. ದಾರಿಯಲ್ಲಿ ಸಿಕ್ಕರೆ ಕೈಮುಗಿಯುತ್ತಾಳೆ. "ಹೇಗಿದ್ದೀಯೇ?" ಎಂದರೆ "ಚೆನ್ನಾಗಿದೀನಿ ಟೀಚರ್." "ಗಂಡ ನೋಡ್ಕೊಳ್ತಾನಾ?" "ಚೆನ್ನಾಗಿ ನೋಡ್ಕೊಳ್ತಾರೆ." ಒಂದು ಸಲ ಅವಳ ಹಣೆಯ ಮೇಲೆ ಗಾಯವಿತ್ತು. ಆಗಲೂ ಚೆನ್ನಾಗಿಯೇ ಇದ್ದಳು. ಅವಳ ಮಗು ಈಗ ರೂಪಾಳ ಸೆಂಟರಿಗೆ ಬರುತ್ತದೆ.

ಇಷ್ಟನ್ನೂ ಅಂದು ಮಧ್ಯಾಹ್ನ ರೂಪಾಳಿಗೆ ಹೇಳಿದೆ. ಕೊನೆಗೆ ಹೇಳಿದೆ, "ಊಟ ಹಾಕು, ಬೇಡ ಅನ್ನಲ್ಲ. ಆದ್ರೆ ಮಾತು ಮೊದ್ಲು ಆಗ್ಲಿ. ಬೇಕಾದ್ರೆ ನಾನೇ ಬಂದು ಎದ್ದು ನಿಂತು ಹೇಳ್ತೀನಿ. ಈಗ ನನಗೆ ಯಾವ ಮೇಡಂ ನೋಟೀಸು ಕೊಡ್ತಾಳೆ?"

"ನಿಮ್ಮ ಮಕ್ಕಳು ಸೆಂಟರಿಗೆ ಬರ್ತಾವಾ ಅಂತ ಅವ್ರು ಕೇಳಿದ್ರೆ ಎಂಥ ಹೇಳ್ತೀರಿ ಟೀಚರಮ್ಮ?"

ಅದು ನಿಜವೇ. ಹೇಳಬೇಕಾದವರು ತಾಯಂದಿರು.

"ಸುಮಿಗೆ ಹೇಳು. ಅವಳು ಚಿಕ್ಕಂದಿನಲ್ಲಿ ಯಾರಿಗೂ ಹೆದರ್ತಿರ್ಲಿಲ್ಲ. ಅವಳೇ ಹೇಳ್ಲಿ. ಈ ಮೀಟಿಂಗಿಗೆ ಸುಮಿ ಏನಂದ್ಲು?"

"ಅವಳಾ? ಪಾಪ, ತುಂಬ ಒಳ್ಳೇವಳು. ಪಾಯಸಕ್ಕೆ ಏಲಕ್ಕಿ ನಾನು ಕೊಡ್ತೀನಿ ಅಂದ್ಲು." ರೂಪಾ ಹೊರಟವಳು ಬೇಲಿಯ ಹತ್ತಿರ ನಿಂತು ತಿರುಗಿದಳು. "ಅಂದ ಹಾಗೆ ಟೀಚರಮ್ಮ, ನಿಮ್ಮನೇಲಿ ದೊಡ್ಡ ತಪ್ಪಲೆ ಇದ್ಯಂತಲ್ಲ?"

ಕೇಳಿ ಬಂದವರಿಗೆ ಪಾತ್ರೆ ಇಲ್ಲ ಎಂದು ಈ ಮನೆಯಿಂದ ಯಾರೂ ಕಳಿಸಿದ್ದಿಲ್ಲ. ದೀಪದ ಕಂಬಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಅಟ್ಟದಿಂದ ತಪ್ಪಲೆ ಇಳಿಸಿದೆ. ಒಳಗೆ ಕಿಲುಬು ಹಿಡಿದಿತ್ತು. ಉಳಿದಿದ್ದ ಹುಣಸೆಹಣ್ಣನ್ನು ಮತ್ತೆ ನೀರಿಗೆ ಹಾಕಿ, ಅದನ್ನು ತಿಕ್ಕಲು ಕುಳಿತೆ.